ಪಾಲ್ವಂಕರ್ ಬಾಲು: ಧಾರವಾಡದಲ್ಲಿ ಹುಟ್ಟಿದ ಮೊದಲ ಸ್ಪಿನ್ ಮಾಂತ್ರಿಕ

ಕರ್ನಾಟಕದ ಸ್ಪಿನ್ ಪರಂಪರೆ ಎಂದೊಡನೆ ನೆನಪಾಗುವುದು ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ. ಆದರೆ ಈ ಮೂವರಿಗಿಂತ ಎಷ್ಟೋ ಮೊದಲು, 1876ರಲ್ಲಿ ಧಾರವಾಡದಲ್ಲಿ ಜನಿಸಿದ ಎಡಗೈ ಸ್ಪಿನ್ನರ್ ಪಾಲ್ವಂಕರ್ ಬಾಲು ಭಾರತೀಯ ಕ್ರಿಕೆಟ್‌ನ ಮೊದಲ ಮಹಾನ್ ಬೌಲರ್ ಎನಿಸಿದ್ದರು.

ಚಮ್ಮಾರ ಸಮುದಾಯಕ್ಕೆ ಸೇರಿದ ಬಾಲು ಬೆಳೆದದ್ದು ಪುಣೆಯಲ್ಲಿ. ಪಾರ್ಸಿಗಳ ಕ್ಲಬ್‌ವೊಂದರಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಅಂಗಣ ನೋಡಿಕೊಳ್ಳುತ್ತಿದ್ದ ಅವರು, ನಂತರ ಯುರೋಪಿಯನ್ನರ ಪೂನಾ ಜಿಮ್ಖಾನಾ ಸೇರಿದರು. ಅಲ್ಲಿ ಸಂಬಳ 4 ರೂಪಾಯಿ. ಅಭ್ಯಾಸದ ವೇಳೆ ಜೆ.ಜಿ. ಗ್ರೆಗ್ ಅವರಂಥ ನುರಿತ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಚೆಂಡೆಸೆದು ಅವರ ಕೈ ಪಳಗಿತು. ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಸಿಗಲಿಲ್ಲ.

ಪುಣೆಯ ಹಿಂದೂ ತಂಡ ಗೆಲುವಿನ ಆಸೆಯಿಂದ ಬಾಲು ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಸವರ್ಣೀಯರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು.

ಪ್ಲೇಗ್ ಹಾವಳಿಯ ದಿನಗಳಲ್ಲಿ ಬಾಲು ಮುಂಬಯಿಗೆ ತೆರಳಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಮಣಿಸಿದಾಗ ಎಂಟು ವಿಕೆಟ್ ಅವರ ಪಾಲಾಗಿತ್ತು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದ ಭಾರತ ತಂಡ ಇಂಗ್ಲೆಂಡ್‌ನಲ್ಲಿ ಬಹುತೇಕ ಪಂದ್ಯಗಳನ್ನು ಸೋತಿತಾದರೂ, ಬಾಲು ಪ್ರವಾಸದಲ್ಲಿ 114 ವಿಕೆಟ್ ಗಳಿಸಿದರು.

ಅವರ ಪ್ರಥಮ ದರ್ಜೆ ಸಾಧನೆ 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ಅಂದರೆ ಪಂದ್ಯಕ್ಕೆ ಐದಕ್ಕೂ ಹೆಚ್ಚು ವಿಕೆಟ್. 244 ಪಂದ್ಯಗಳಲ್ಲಿ 1,136 ವಿಕೆಟ್ ಪಡೆದ ಕುಂಬ್ಳೆ ಹಾಗೂ 246 ಪಂದ್ಯಗಳಲ್ಲಿ 1,063 ವಿಕೆಟ್ ಪಡೆದ ಚಂದ್ರಶೇಖರ್ ಅವರ ಲೆಕ್ಕ ಪಂದ್ಯಕ್ಕೆ ಐದನ್ನು ಮುಟ್ಟುವುದಿಲ್ಲ. ಆದರೆ ಅಂಕಿಗಳಷ್ಟರಿಂದ ಹಿರಿಮೆ ತೀರ್ಮಾನವಾಗದು. ಬಾಲು ಕಾಲದಲ್ಲಿ ಹೊದಿಕೆಯಿಲ್ಲದ ಪಿಚ್‌ಗಳು ಬೌಲರ್‌ಗೆ ನೆರವಾಗುತ್ತಿದ್ದವು. ಇನ್ನೊಂದೆಡೆ, ಹದಿನೈದು ವರ್ಷಗಳಲ್ಲಿ ಅವರಿಗೆ ದೊರೆತದ್ದು 33 ಪಂದ್ಯಗಳಷ್ಟೇ. ಭಾರತ ಮೊದಲ ಟೆಸ್ಟ್ ಆಡಿದ 1932ರ ಹೊತ್ತಿಗೆ ಅವರಿಗೆ 56 ವರ್ಷ. ಕುಂಬ್ಳೆ ಅವರಿಗೆ ಟೆಸ್ಟ್ ತಂಡದ ನಾಯಕತ್ವ ಒಲಿಯಿತು. ಬಾಲು ಅವರಿಗೆ ಹಿಂದೂ ತಂಡದ ನಾಯಕ ಪಟ್ಟವೂ ದಕ್ಕಲಿಲ್ಲ. 1920ರಲ್ಲಿ ಉಪನಾಯಕ ಸ್ಥಾನವಷ್ಟೇ ದೊರೆಯಿತು. ಅವರಿಗೆ ಮುಚ್ಚಿದ್ದ ಬಾಗಿಲು 1923ರಲ್ಲಿ ತಮ್ಮ ವಿಠಲ್ ಅವರಿಗೆ ತೆರೆಯಿತು.

ಯುವಕ ಅಂಬೇಡ್ಕರ್ ಅವರಿಗೆ ಬಾಲು ಅಭಿಮಾನದ ವ್ಯಕ್ತಿಯಾಗಿದ್ದರು. ಆದರೆ ರಾಜಕೀಯ ಇಬ್ಬರನ್ನೂ ಬೇರೆ ದಾರಿಗೆ ಒಯ್ದಿತು. ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು ಬಾಲು ಒಪ್ಪಲಿಲ್ಲ. 1932ರ ಪೂನಾ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. 1937ರ ಮುಂಬಯಿ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಬಾಲು ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಲು ಅವರಿಗೆ 11,225 ಮತ ಬಿದ್ದವು.

1955ರ ಜುಲೈನಲ್ಲಿ ಬಾಲು ಮುಂಬಯಿಯಲ್ಲಿ ನಿಧನರಾದರು. ಕುಂಬ್ಳೆ, ಚಂದ್ರಶೇಖರ್ ಅವರ ವಿಕೆಟ್‌ಗಳನ್ನು ಎಣಿಸಿ ಹೇಳಬಹುದು. ಬಾಲು ಅವರ ವಿಷಯದಲ್ಲಿ ಕಬಳಿಸಿದ ವಿಕೆಟ್‌ಗಳ ಜೊತೆಗೆ, ಸಮಾಜ ಅವರಿಂದ ಕಸಿದ ಅವಕಾಶಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.