ಇಯಾನ್ ಮರ್ಡಾಕ್: ಪ್ಯಾಕೇಜ್ ಕಟ್ಟಿದ ಹುಡುಗ

ಲ್ಯಾಬ್‌ನಲ್ಲಿ ಉಬುಂಟು ಮುಂದೆ ಕೂತು ಆಪ್ಟ್ ಇನ್‌ಸ್ಟಾಲ್ ಅಂತ ಹೊಡೆದರೆ ಸಾಕು, ಬೇಕಾದ ಸಾಫ್ಟ್‌ವೇರ್ ತಾನಾಗೇ ಬಂದು ಕೂರುತ್ತೆ. ಉಬುಂಟು ನಿಂತಿರೋದು ಡೆಬಿಯನ್ ಮೇಲೆ. ಡೆಬಿಯನ್ ಶುರು ಮಾಡಿದವನು ಆಗ ನಮ್ಮ ಹಾಗೇ ಕಾಲೇಜಿಗೆ ಹೋಗ್ತಿದ್ದ ಹುಡುಗ.

ಇಯಾನ್ ಮರ್ಡಾಕ್ ಹುಟ್ಟಿದ್ದು 1973ರಲ್ಲಿ, ಪಶ್ಚಿಮ ಜರ್ಮನಿಯಲ್ಲಿ. ಓದಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಆಗ ಎಸ್‌ಎಲ್‌ಎಸ್ ಅನ್ನೋ ಲಿನಕ್ಸ್ ಡಿಸ್ಟ್ರಿಬ್ಯೂಷನ್ ಚಾಲ್ತಿಯಲ್ಲಿತ್ತು, ತುಂಬಾ ಬಗ್‌ಗಳು. ಅದನ್ನ ರಿಪೇರಿ ಮಾಡೋಕೆ ಹೊರಟವನಿಗೆ ಹೊಸದಾಗಿ ಕಟ್ಟೋದೇ ವಾಸಿ ಅನ್ನಿಸಿತು. 1993ರ ಆಗಸ್ಟ್ 16ರಂದು ಡೆಬಿಯನ್ ಘೋಷಿಸಿದ. ಗೆಳತಿ ಡೆಬ್ರಾಳ ಹೆಸರಿನ ಮೊದಲರ್ಧಕ್ಕೆ ತನ್ನ ಹೆಸರು ಸೇರಿಸಿದ, ಅಷ್ಟೇ. ವಯಸ್ಸು 20.

ಆಗೆಲ್ಲ ಸಾಫ್ಟ್‌ವೇರ್ ಹಾಕ್ಕೊಳ್ಳೋದು ಅಂದ್ರೆ ಸೋರ್ಸ್ ಇಳಿಸಿ, ಕಂಪೈಲ್ ಮಾಡಿ, ಯಾವ ಫೈಲ್ ಎಲ್ಲಿ ಹೋಯ್ತು ಅಂತ ತಲೆ ಕೆಡಿಸಿಕೊಳ್ಳೋದು. ಡೆಬಿಯನ್‌ನಲ್ಲಿ ಒಂದೊಂದು ಸಾಫ್ಟ್‌ವೇರೂ ಒಂದು ಪ್ಯಾಕೇಜ್ ಆಯಿತು, ಅದಕ್ಕೆ ಹೊಣೆ ಹೊರುವವರೂ ಇದ್ದರು. 1994ರಲ್ಲಿ ಇಯಾನ್ ಡಿಪಿಕೆಜಿಯ ಮೊದಲ ರೂಪವನ್ನು ಬರೀ ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದ. ಅದನ್ನು ಆಮೇಲೆ ಸಿ ಭಾಷೆಗೆ ತಂದವನು ಇಯಾನ್ ಜಾಕ್ಸನ್. ಇವನೇ ಬೇರೆ, ಅವನೇ ಬೇರೆ!

ಇದರ ಬೆಲೆ ಗೊತ್ತಾಗಬೇಕಾದರೆ ಟ್ರಿಪ್‌ವೈರ್ ನೋಡಿ. ಅದೂ ಪರ್ಡ್ಯೂ ಕೂಸೇ. 1992ರಲ್ಲಿ ಜೀನ್ ಕಿಮ್ ಅನ್ನೋ ವಿದ್ಯಾರ್ಥಿ ಪ್ರೊಫೆಸರ್ ಜೀನ್ ಸ್ಪ್ಯಾಫರ್ಡ್ ಜೊತೆ ಸೇರಿ ಮಾಡಿದ್ದು. ಫೈಲ್‌ಗಳ ಚೆಕ್‌ಸಮ್ ಬರೆದಿಟ್ಟುಕೊಂಡು, ಯಾವುದಾದರೂ ಬದಲಾದರೆ ಹೇಳುತ್ತೆ. 2000ದಲ್ಲಿ ಜಿಪಿಎಲ್ ಅಡಿ ಓಪನ್ ಸೋರ್ಸ್ ಆಯಿತು, ಡೆಬಿಯನ್‌ಗೂ ಬಂತು. ಆದರೆ ಇದನ್ನ ಪ್ಯಾಕೇಜ್ ಮಾಡೋದು ಸುಲಭದ ಕೆಲಸ ಅಲ್ಲ. ಲೋಕಲ್ ಕೀ ಒಂದೊಂದು ಕಂಪ್ಯೂಟರ್‌ಗೂ ಬೇರೆ ಬೇರೆ, ಅದಕ್ಕೆ ಪಾಸ್‌ಫ್ರೇಸೂ ಬೇಕು. ಯಾವ ಫೈಲ್ ಕಾಯಬೇಕು ಅನ್ನೋ ಪಾಲಿಸಿ ಡೆಬಿಯನ್‌ನ ಡೈರೆಕ್ಟರಿಗಳಿಗೆ ಹೊಂದಬೇಕು.

ಇನ್ನೊಂದು ಮಜಾ ಇದೆ. ಆಪ್ಟ್ ಅಪ್‌ಗ್ರೇಡ್ ಮಾಡಿದ ಮೇಲೆ ಟ್ರಿಪ್‌ವೈರ್ ಓಡಿಸಿದರೆ ಫೈಲ್ ಬದಲಾಯ್ತು ಅಂತ ಬೊಬ್ಬೆ ಹೊಡೆಯುತ್ತೆ. ಬದಲಿಸಿದ್ದು ಕಳ್ಳನೋ ಡಿಪಿಕೆಜಿಯೋ, ಅದಕ್ಕೇನು ಗೊತ್ತು? ಹೊಸ ಫೈಲ್ ನಂಬಬೇಕೋ ಬೇಡವೋ ಅಂತ ನಾವೇ ತೀರ್ಮಾನಿಸಿ ಡೇಟಾಬೇಸ್ ಅಪ್‌ಡೇಟ್ ಮಾಡಬೇಕು. ಆಗ ನಾವು ನಂಬೋದು ಪ್ಯಾಕೇಜ್‌ನ ಕಂಟ್ರೋಲ್ ಫೈಲ್‌ನಲ್ಲಿ ಮೇಂಟೇನರ್ ಅಂತ ಹೆಸರು ಹಾಕಿ ಹೊಣೆ ಹೊತ್ತವರನ್ನ. ಒಬ್ಬರಿರಬಹುದು, ತಂಡ ಇರಬಹುದು.

1996ರ ಮಾರ್ಚ್‌ನಲ್ಲಿ ಇಯಾನ್ ಡೆಬಿಯನ್‌ನ ನಾಯಕತ್ವವನ್ನು ಬ್ರೂಸ್ ಪೆರೆನ್ಸ್‌ಗೆ ಬಿಟ್ಟುಕೊಟ್ಟ. ಆಗ ಅವನಿಗೆ 22. ಕಾಲೇಜ್ ಕ್ಲಬ್ಬಿನ ಅಧ್ಯಕ್ಷಗಿರಿ ಬಿಡೋಕೇ ನಾವು ಒದ್ದಾಡ್ತೀವಿ, ಇವನು ತನ್ನ ಹೆಸರೇ ಇದ್ದ ಕೆಲಸವನ್ನು ಬಿಟ್ಟ. ನನಗಂತೂ ಡಿಪಿಕೆಜಿಗಿಂತ ಇದೇ ದೊಡ್ಡದು ಅನ್ಸುತ್ತೆ. ಮುಂದೆ ಪ್ರೊಜೆನಿ ಅನ್ನೋ ಕಂಪನಿ ಕಟ್ಟಿದ, ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ದುಡಿದ, ಕೊನೆಗೆ ಡಾಕರ್ ಸೇರಿದ.

2015ರ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಇನ್ನೂ 42 ವರ್ಷ. ಅವನು ಬಿಟ್ಟುಕೊಟ್ಟು ಇಪ್ಪತ್ತು ವರ್ಷ ಆಗಿದ್ದರೂ ಡೆಬಿಯನ್ ಬಳಗ ಮರೆತಿರಲಿಲ್ಲ. 2017ರಲ್ಲಿ ಬಂದ ಡೆಬಿಯನ್ 9 ಅನ್ನು ಅವನಿಗೇ ಅರ್ಪಿಸಿತು.