ದನಗಳಿಗೆ ವೈದ್ಯ ಬರೆದ ಅರಸುಮಗ

ವಿದ್ಯಾರ್ಥಿಗಳೊಡನೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋದಾಗಲೆಲ್ಲ, ಪುಲಿಗೆರೆಯ ಕನ್ನಡವನ್ನು ಮೆಚ್ಚಿದ ಪಂಪನನ್ನು ನೆನೆಯುವುದು ನಮ್ಮ ರೂಢಿ. ನನಗೆ ಅಲ್ಲಿ ಇನ್ನೊಬ್ಬನೂ ನೆನಪಾಗುತ್ತಾನೆ. ಆತನೇ ಈ ಸೀಮೆಯನ್ನು ಆಳಿದ ಕಲ್ಯಾಣದ ಚಾಲುಕ್ಯರ ಮನೆಯ ಕೀರ್ತಿವರ್ಮ.

ಆತನು ತ್ರೈಲೋಕ್ಯಮಲ್ಲನೆನಿಸಿದ ಒಂದನೆಯ ಸೋಮೇಶ್ವರನ ಮಗ, ಆರನೆಯ ವಿಕ್ರಮಾದಿತ್ಯನ ತಮ್ಮ, ಧರ್ಮದಿಂದ ಜೈನ. 1068ರಲ್ಲಿ ತಂದೆಯು ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ದೇಹ ಬಿಟ್ಟನು. 1076ರಲ್ಲಿ ವಿಕ್ರಮಾದಿತ್ಯನು ಹಿರಿಯಣ್ಣನಾದ ಇಮ್ಮಡಿ ಸೋಮೇಶ್ವರನನ್ನು ಇಳಿಸಿ ತಾನು ಪಟ್ಟವೇರಿದನು. ಅಣ್ಣಂದಿರು ಸಿಂಹಾಸನಕ್ಕಾಗಿ ಕಾದಾಡಿದ ಆ ಮನೆಯಲ್ಲಿ ಕಿರಿಯವನ ಹೆಸರನ್ನು ಉಳಿಸಿದುದು ಹನ್ನೆರಡನೆಯ ಶತಮಾನದ ಆದಿಭಾಗದ ಒಂದು ಗ್ರಂಥ, 'ಗೋವೈದ್ಯ'. ಶಾಸ್ತ್ರವೆಂದರೆ ಸಂಸ್ಕೃತವೆಂಬ ಕಾಲದಲ್ಲಿ ದನಗಳ ರೋಗವನ್ನೂ ಮದ್ದನ್ನೂ ಆತನು ಕನ್ನಡದಲ್ಲಿ ಹೇಳಿದನು.

ಅದರಲ್ಲಿ ಔಷಧದೊಡನೆ ಮಂತ್ರವೂ ಬೆರೆತಿದೆಯೆಂದು ಓದುಗರು ನಗುವುದುಂಟು. ನಾನು ನಗಲಾರೆ. ನೊಂದು ಬೆದರಿದ ಪಶುವನ್ನು ಶಾಂತಗೊಳಿಸದೆ ಹುಣ್ಣಿಗೆ ಕೈಯಿಡುವುದೆಂತು? ಆ ಕೆಲಸವನ್ನು ಇಂದು 1962ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಝೈಲಜಿನ್ ಎಂಬ ಮದ್ದು ಮಾಡುತ್ತದೆ. ದೇಹವನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ನರಗಳ ತುದಿಯಿಂದ ಹೊರಡದಂತೆ ಅದು ತಡೆಯುತ್ತದೆ. ಪಶು ತೂಕಡಿಸುತ್ತದೆ, ಸ್ನಾಯು ಸಡಿಲುತ್ತದೆ, ನೋವು ತಗ್ಗುತ್ತದೆ. ಆದರೆ ಎದೆಬಡಿತವೂ ಉಸಿರೂ ಕುಂದುತ್ತವೆ. ಕುದುರೆಗೆ ಬೇಕಾದುದರ ಸುಮಾರು ಹತ್ತರಲ್ಲೊಂದು ಪಾಲು ದನಕ್ಕೆ ಸಾಕು. ತುಂಬುಗಬ್ಬದ ಹಸುವಾದರೆ ಕಂದು ಹಾಕುವ ಭಯವೂ ಉಂಟು.

ಕೆಲವು ವರ್ಷಗಳ ಹಿಂದೆ ಮುಂಡರಗಿ ಕಡೆಯ ನನ್ನ ಊರಿನಲ್ಲಿ, ಗೊರಸಿನ ಹುಣ್ಣು ತೊಳೆಯಲೆಂದು, ವೈದ್ಯವನ್ನು ಓದದ ಒಬ್ಬನು ಹೊಟ್ಟೆ ತುಂಬ ಮೇದಿದ್ದ ನಮ್ಮ ಎತ್ತಿಗೆ ಈ ಮದ್ದನ್ನು ಅಳತೆಯಿಲ್ಲದೆ ಚುಚ್ಚಿದನು. ಎತ್ತು ಪಕ್ಕಕ್ಕೊರಗಿತು, ಮೆಲುಕು ನಿಂತು ಹೊಟ್ಟೆಯುಬ್ಬಿತು. ಪಶುವೈದ್ಯರು ಬಂದು, ಅದನ್ನು ಎದೆಯ ಮೇಲೆ ಕೂರಿಸಿ, ಜೊಲ್ಲು ಉಸಿರುಕೊಳವೆಗೆ ಇಳಿಯದಂತೆ ಮೋರೆ ತಗ್ಗಿಸಿ ಹಿಡಿಸಿ, ಯೋಹಿಂಬಿನ್ ಎಂಬ ಪ್ರತಿಮದ್ದನ್ನು ಕೊಟ್ಟರು. ಎತ್ತು ಬದುಕಿತು. ಮರುದಿನ ಗೋದಲಿಯ ಬಳಿ ಬಿದ್ದಿದ್ದ ಸೀಸೆಯನ್ನು ಎತ್ತಿ ನೋಡಿದೆ. ಅದರ ಮೇಲೆ ಎಚ್ಚರಿಕೆಯ ಮಾತುಗಳು ಇದ್ದವು. ಕನ್ನಡದ ಒಂದಕ್ಷರವೂ ಇರಲಿಲ್ಲ.

ಕೀರ್ತಿವರ್ಮನ ಮಂತ್ರಗಳು ಹಳತಾದವು, ಆಗಲಿ. ಪಶುವಿನ ಮದ್ದು ಪಶು ಸಾಕುವವನ ನುಡಿಯಲ್ಲಿರಬೇಕೆಂಬ ಆತನ ವಿವೇಕ ಮಾತ್ರ ಹಳತಾಗಿಲ್ಲ. ಆ ಅರಸುಮಗನು ತೊಡಗಿದ ಕೆಲಸವನ್ನು ಮುಂದುವರಿಸುವ ಹೊಣೆ ಕನ್ನಡವನ್ನು ಓದಿದ ನಮ್ಮದೂ ಹೌದು.