ಮುಧೋಳದಿಂದ ಗಂಗನಾಡಿಗೆ: ಎರಡು ನಾಡುಗಳ ಋಣ ಹೊತ್ತ ಕವಿಚಕ್ರವರ್ತಿ ರನ್ನ

ಪಂಪ, ಪೊನ್ನ, ರನ್ನ – ಹಳಗನ್ನಡದ ಈ ಮೂವರು ಜೈನ ಕವಿಗಳನ್ನು ರತ್ನತ್ರಯರೆಂದು ಕರೆಯುವುದು ವಾಡಿಕೆ. ಇವರಲ್ಲಿ ಕಿರಿಯನಾದ ರನ್ನನದು ಅರಮನೆಯ ಮನೆತನವಲ್ಲ, ವಿದ್ವಾಂಸರ ವಂಶವೂ ಅಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಗಾಗಿ ಊರು ಬಿಟ್ಟು, ಪರನಾಡಿನಲ್ಲಿ ಬೆಳೆದು, ಮರಳಿ ಬಂದು ಚಕ್ರವರ್ತಿಯ ಆಸ್ಥಾನದಲ್ಲಿ ನಿಂತವನು ಆತ.

ಹುಟ್ಟಿದ ಊರು, ಹುಟ್ಟಿದ ಮನೆ

ಕ್ರಿ.ಶ. 949ರ ಸೌಮ್ಯ ಸಂವತ್ಸರದಲ್ಲಿ ರನ್ನನ ಜನನವಾಯಿತು. ಊರು ಮುದುವೊಳಲು, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಘಟಪ್ರಭೆಯ ದಂಡೆಯ ಕಪ್ಪು ಮಣ್ಣಿನ ನಾಡು ಅದು. ಬಳೆಯ ಮಲಾರ ಹೊತ್ತು ಊರೂರು ತಿರುಗುವುದು ಕುಲದ ಕಸುಬು. ಅಣ್ಣಂದಿರ ಜೊತೆಗೆ ಈ ಹುಡುಗನೂ ಅದೇ ದಾರಿ ಹಿಡಿದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಅವನ ಮನಸ್ಸು ಓದಿನ ಕಡೆಗಿತ್ತು. ಮುಂದೆ ಹೆಸರು ಬಂದ ಮೇಲೂ ಆತ ತನ್ನ ಕುಲವನ್ನು ಮುಚ್ಚಿಡಲಿಲ್ಲ. ತನ್ನ ಕಾವ್ಯದಲ್ಲೇ ತಂದೆ ತಾಯಿ, ಅಣ್ಣಂದಿರು, ಹುಟ್ಟೂರು, ಕಸುಬು ಎಲ್ಲವನ್ನೂ ಹೇಳಿಕೊಂಡ. ಸಾವಿರ ವರ್ಷದ ಮೇಲೂ ಅವನ ಮನೆಯವರ ಹೆಸರು ತಿಳಿದಿರುವುದು ಇದರಿಂದಲೇ.

ಗಂಗನಾಡಿನ ಕಡೆಗೆ

ಅಂದು ದಿಗಂಬರ ಪರಂಪರೆಯ ವಿದ್ಯೆಗೆ ಶ್ರವಣಬೆಳಗೊಳ ದೊಡ್ಡ ನೆಲೆ. ಗಂಗ ಅರಸರಿಗೆ ಗುರುಸ್ಥಾನದಲ್ಲಿದ್ದ ಅಜಿತಸೇನಾಚಾರ್ಯರ ಹೆಸರು ನಾಡೆಲ್ಲ ಹಬ್ಬಿತ್ತು. ರನ್ನ ಅವರನ್ನು ಅರಸಿ ಹೊರಟ. ಮುಧೋಳದಿಂದ ಬೆಳಗೊಳಕ್ಕೆ 400 ಕಿಲೋಮೀಟರಿಗೂ ಹೆಚ್ಚು ದೂರ. ಮಲಪ್ರಭೆ, ತುಂಗಭದ್ರೆಗಳನ್ನು ದಾಟಿ ತೆಂಕಣಕ್ಕೆ ನಡೆಯಬೇಕು. ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ಬರುತ್ತದೆ. ಬಯಲು ಮುಗಿದು ಹೆಬ್ಬಂಡೆಯ ಬೆಟ್ಟ, ಕೆರೆ, ಗದ್ದೆ ಬರುತ್ತವೆ. ಕನ್ನಡ ಒಂದೇ ಆದರೂ ಅರಸು ಬೇರೆ, ನೀರು ಬೇರೆ, ಬಳಗವೆಂಬುದಿಲ್ಲ.

ಹೊಸ ನಾಡಿನಲ್ಲಿ ಅವನನ್ನು ನಿಲ್ಲಿಸಿದ್ದು ಗುರು ಮತ್ತು ಧರ್ಮ. ಎಲ್ಲಿಗೆ ಹೋದರೂ ಬಸದಿ ಒಂದೇ, ಣಮೋಕಾರ ಮಂತ್ರ ಒಂದೇ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಜೈನ ಗೃಹಸ್ಥರ ಕರ್ತವ್ಯವಾಗಿದ್ದ ಕಾಲವದು. ಅಜಿತಸೇನಾಚಾರ್ಯರು ಬಳೆಗಾರರ ಹುಡುಗನೆಂದು ಅವನನ್ನು ದೂರವಿಡಲಿಲ್ಲ. ಸಂಸ್ಕೃತ, ಕನ್ನಡ, ಆಗಮ, ಕಾವ್ಯ, ವ್ಯಾಕರಣ ಅವನ ಕೈವಶವಾದವು.

ಅಜಿತಸೇನಾಚಾರ್ಯರ ಮತ್ತೊಬ್ಬ ಶಿಷ್ಯ ಗಂಗರ ಮಂತ್ರಿ ಹಾಗೂ ಸೇನಾಪತಿ ಚಾವುಂಡರಾಯ. ಯುದ್ಧ, ರಾಜ್ಯಭಾರಗಳ ನಡುವೆಯೂ 978ರಲ್ಲಿ ಗದ್ಯದಲ್ಲಿ ಚಾವುಂಡರಾಯ ಪುರಾಣವನ್ನು ಬರೆದು, ವಿಂಧ್ಯಗಿರಿಯ ಮೇಲೆ 57 ಅಡಿ ಎತ್ತರದ ಬಾಹುಬಲಿಯನ್ನು ಕಡೆಸಿದ ಪುಣ್ಯಾತ್ಮ. ರನ್ನನಿಗೆ ಆತನೇ ಆಶ್ರಯದಾತನಾದ. ಬಾಹುಬಲಿಯ ಪ್ರತಿಷ್ಠಾಪನೆ ನಡೆದ 981ರ ಹೊತ್ತಿಗೆ ರನ್ನನಿಗೆ ಮೂವತ್ತು ದಾಟಿತ್ತು. ಚಂದ್ರಗಿರಿಯ ಬಂಡೆಯ ಮೇಲೆ ಕವಿರತ್ನ ಎಂಬ ಬಿರುದು ಕೊರೆದಿರುವ ಒಂದು ಚಿಕ್ಕ ಬರಹವಿದೆ. ಅದು ರನ್ನನ ಹಸ್ತಾಕ್ಷರವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಕೊಡೆ ಮುರಿದ ಕಾಲ

ರನ್ನ ಹುಟ್ಟಿದಾಗ ಮುಧೋಳವೂ ಗಂಗವಾಡಿಯೂ ರಾಷ್ಟ್ರಕೂಟರ ಒಂದೇ ಕೊಡೆಯ ಕೆಳಗಿದ್ದವು. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ. ಗಂಗರು ರಾಷ್ಟ್ರಕೂಟರ ಪಕ್ಷದವರು. ಗಂಗರ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ವಡಿ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮರಣ ಹೊಂದಿದ. ರನ್ನನ ಹುಟ್ಟಿದ ನಾಡೂ ವಿದ್ಯೆ ಕೊಟ್ಟ ನಾಡೂ ಎದುರುಬದುರು ನಿಂತವು.

ಇಂಥ ಕಾಲದಲ್ಲಿ ರನ್ನ ಬಡಗಣಕ್ಕೆ ಮರಳಿ ಚಾಲುಕ್ಯರ ಆಸ್ಥಾನ ಸೇರಿದ. ತವರು ನಾಡೇ ಆದರೂ ಆಳುವವರು ಹೊಸಬರು. ಶತ್ರುಪಕ್ಷದ ಮಂತ್ರಿಯ ಆಶ್ರಯದಲ್ಲಿ ಬೆಳೆದವನಿಗೆ ಅಲ್ಲಿ ಬೇರೂರುವುದು ಸುಲಭದ ಮಾತಲ್ಲ. ಅವನ ಕೈಯಲ್ಲಿದ್ದದ್ದು ವಿದ್ಯೆ ಮಾತ್ರ. ಸಾಮಂತರಿಂದ ಮಂಡಲೇಶ್ವರರಿಗೆ, ಅಲ್ಲಿಂದ ಚಕ್ರವರ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ. ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಸಾಹಸಭೀಮವಿಜಯ ಅಥವಾ ಗದಾಯುದ್ಧ ಕಾವ್ಯವನ್ನು ರಚಿಸಿದ. ಆಶ್ರಯದಾತನ ಪ್ರತಿರೂಪ ಭೀಮನಾದರೂ, ಬಂಧುಗಳನ್ನೆಲ್ಲ ಕಳೆದುಕೊಂಡು ರಣರಂಗದಲ್ಲಿ ಒಬ್ಬಂಟಿಯಾಗಿ ಅಲೆಯುವ ದುರ್ಯೋಧನನ ದುಃಖವನ್ನು ಓದುಗರು ಮರೆಯದಂತೆ ಚಿತ್ರಿಸಿದ. ಅರಸುಮನೆತನಗಳು ಉರುಳಿದ್ದನ್ನು ತನ್ನ ಕಾಲದಲ್ಲೇ ಕಂಡ ಕವಿ ಅವನು.

ಅತ್ತಿಮಬ್ಬೆಯ ಆಶ್ರಯ

ಅಲ್ಲಿ ರನ್ನನಿಗೆ ದೊರೆತ ಇನ್ನೊಂದು ಆಸರೆ ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯ ತವರಿನವರ ಮೂಲವೂ ದೂರದ ವೆಂಗಿನಾಡು. ತಂದೆ ಮಲ್ಲಪಯ್ಯ, ಪತಿ ತೈಲಪನ ದಂಡನಾಯಕ ನಾಗದೇವ. ನಾಗದೇವ ತೀರಿಕೊಂಡಾಗ ಅವನ ಇನ್ನೊಬ್ಬ ಪತ್ನಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಪಡೆವಳ ತೈಲನನ್ನು ಬೆಳೆಸುತ್ತ ವ್ರತನಿಯಮಗಳಲ್ಲಿ ಬಾಳಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಆಕೆಯ ಪ್ರೇರಣೆಯಿಂದ ರನ್ನ ಎರಡನೆಯ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು 12 ಆಶ್ವಾಸಗಳಲ್ಲಿ ಬರೆದು 993ರಲ್ಲಿ ಮುಗಿಸಿದ. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಗಂಗನಾಡಿನ ಗುರು ಕೊಟ್ಟ ಶಾಸ್ತ್ರದಾನ ಹೀಗೆ ಚಾಲುಕ್ಯ ನಾಡಿನಲ್ಲಿ ಫಲ ಕೊಟ್ಟಿತು.

ಒಂದು ಮನೆ, ಎರಡು ಹೆಸರು

ರನ್ನನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಪತ್ನಿಯರು. ಮಗನಿಗೆ ರಾಯ ಎಂದು ಹೆಸರಿಟ್ಟ, ಮಗಳಿಗೆ ಅತ್ತಿಮಬ್ಬೆ ಎಂದು. ಒಂದು ಹೆಸರು ಗಂಗರ ಮಂತ್ರಿ ಚಾವುಂಡರಾಯನ ನೆನಪು. ಇನ್ನೊಂದು ಚಾಲುಕ್ಯ ದಂಡನಾಯಕನ ಪತ್ನಿಯ ನೆನಪು. ಅರಸರ ನಡುವೆ ಹಗೆ ಇದ್ದಿರಬಹುದು. ರನ್ನನ ಮನೆಯಲ್ಲಿ ಎರಡು ಹೆಸರುಗಳೂ ಅಣ್ಣ ತಂಗಿಯರಂತೆ ಆಡಿ ಬೆಳೆದವು. ಹೊಸ ಒಡೆಯ ಸಿಕ್ಕನೆಂದು ಹಳೆಯ ಉಪಕಾರವನ್ನು ಮರೆಯದ ಮನಸ್ಸು ಅದು.

ಓದು, ಉದ್ಯೋಗ, ವ್ಯಾಪಾರಕ್ಕೆಂದು ಜೈನ ಕುಟುಂಬಗಳು ಇಂದು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗಿ ನೆಲೆಸುತ್ತಿವೆ. ಹೋದ ಊರಿನಲ್ಲಿ ಬಸದಿಯನ್ನೂ ಬಳಗವನ್ನೂ ಹುಡುಕಿಕೊಳ್ಳುವುದು, ಬಿಟ್ಟುಬಂದ ಊರನ್ನು ಮಕ್ಕಳಿಗೆ ಹೇಳುವುದು, ಅನ್ನ ವಿದ್ಯೆ ಕೊಟ್ಟ ನೆಲಕ್ಕೆ ಋಣಿಯಾಗಿರುವುದು – ಈ ಮೂರನ್ನೂ ಮುಧೋಳದ ಬಳೆಗಾರರ ಮಗ ಸಾವಿರ ವರ್ಷಗಳ ಹಿಂದೆಯೇ ಬಾಳಿ ತೋರಿಸಿದ್ದಾನೆ. ಶ್ರವಣಬೆಳಗೊಳಕ್ಕೆ ಹೋದವರು ಚಂದ್ರಗಿರಿಯನ್ನು ಹತ್ತುವಾಗ ಅಲ್ಲಿನ ಬಂಡೆಯ ಮೇಲಿನ ಆ ಚಿಕ್ಕ ಬರಹವನ್ನು ಮಕ್ಕಳಿಗೆ ತೋರಿಸಿ ಈ ಕತೆ ಹೇಳಬಹುದು.